ಸಂಬೋಧನೆಯ ತಕ್ಕಡಿ

ಮಕ್ಕಳ ಸಂಸ್ಕಾರದ ಮಾತು ಬಂದಾಗಲೆಲ್ಲ ಸಮಾಜದ ಹಿರಿಯರು ಒಂದು ದೂರನ್ನು ತಪ್ಪದೆ ಹೇಳುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮಕ್ಕಳು ಗೆಳೆಯರ ತಂದೆಯನ್ನು ‘ಅಂಕಲ್’ ಎಂದೂ ತಾಯಿಯನ್ನು ‘ಆಂಟಿ’ ಎಂದೂ ಕರೆಯುತ್ತಾರೆ. ಕಾಕಾ, ದೊಡ್ಡಪ್ಪ, ಚಿಗವ್ವ ಎಂಬ ಮಾತುಗಳು ಮರೆಯಾಗುತ್ತಿವೆ. ಸಂಸ್ಕೃತಿಯ ಅವನತಿಗೆ ಇದೇ ಮೂಲವೆಂಬುದು ಆ ದೂರು. ಇದರಲ್ಲಿ ಅರ್ಧ ಸತ್ಯವಿದೆ. ಅರೆತೂಕದ ಸರಕನ್ನು ಪೂರ್ಣ ಬೆಲೆಗೆ ಮಾರುವುದು ವ್ಯಾಪಾರದಲ್ಲಿ ಹೇಗೆ ದೋಷವೋ ವಿಚಾರದಲ್ಲಿಯೂ ಹಾಗೆಯೇ ದೋಷ.

ಸತ್ಯದ ಅರ್ಧವನ್ನು ಮೊದಲು ಒಪ್ಪಬೇಕು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಮುಸಲ್ಮಾನ ಗೆಳೆಯನ ತಂದೆ ಎಲ್ಲ ಮಕ್ಕಳಿಗೂ ಚಾಚಾ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಅವರ ಮನೆಗಳಲ್ಲಿ ಬಾಬಾಯಿ, ಪಿನ್ನಿ. ಸಿಂಧನೂರಿನ ಬಂಗಾಲಿ ನಿರಾಶ್ರಿತರ ಕ್ಯಾಂಪುಗಳಲ್ಲಿ ಕಾಕಿಮಾ, ಮಾಸಿಮಾ. ಮಾರವಾಡದಿಂದ ಬಂದ ವರ್ತಕರ ಮನೆಗಳಲ್ಲಿ ಕಾಕಾಸಾ. ಗೆಳೆಯನ ತಾಯಿಯನ್ನು ಅವನ ಮನೆಯ ಮಾತಿನಲ್ಲಿಯೇ ಕರೆಯಬಲ್ಲ ಬಾಲಕ ಆ ಮನೆಯ ಹೊಸ್ತಿಲನ್ನು ಅರ್ಧ ದಾಟಿದಂತೆಯೇ. ಇಷ್ಟೆಲ್ಲ ಬಾಂಧವ್ಯಗಳನ್ನು ಎರಡು ಪದಗಳಿಗೆ ಇಳಿಸುವುದು ನಿಶ್ಚಯವಾಗಿಯೂ ನಷ್ಟ.

ಆದರೆ ಆ ಎರಡು ಪದಗಳು ಬೇರೂರಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಕನ್ನಡದ ಸಂಬಂಧವಾಚಕಗಳು ತಂದೆಯ ಕಡೆ, ತಾಯಿಯ ಕಡೆ ಎಂದು ಭೇದ ಮಾಡುತ್ತವೆ. ‘ಮಾವ’, ‘ಅತ್ತಿ’ ಎಂಬಲ್ಲಿ ಕೊಟ್ಟು ತರುವ ನಂಟಿನ ಸೂಚನೆಯಿದೆ. ಯಾವ ಜಾತಿಯ ಮನೆಗೆ ಯಾವ ಪದ ಸಲ್ಲುತ್ತದೆ ಎಂಬ ಅಳುಕೂ ಇದೆ. ‘ಅಂಕಲ್’ ಎಂಬ ಮಾತು ಇವೆಲ್ಲವುಗಳಿಂದ ಮಗುವನ್ನು ಬಿಡಿಸುತ್ತದೆ. ಆದುದರಿಂದ ‘ಅಂಕಲ್, ಬರ್ರಿ, ಕೂಡ್ರಿ’ ಎನ್ನುವ ಬಾಲಕನಲ್ಲಿ ಅವಿನಯವನ್ನು ಹುಡುಕುವುದು ವ್ಯರ್ಥ. ಗೌರವವಿರುವುದು ಆ ‘ರಿ’ ಎಂಬ ಒಂದಕ್ಷರದಲ್ಲಿ.

ಆ ಅಕ್ಷರ ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ದೂರು ಹೇಳುವವರು ನೋಡಲಿ. ಗಂಜಿನ ಅಡತಿ ಅಂಗಡಿಯಲ್ಲಿ ಹತ್ತು ವರ್ಷದ ಬಾಲಕ ಗೆಳೆಯನ ತಂದೆಯನ್ನು ‘ಬರ್ರಿ’ ಎಂದು ಗಾದಿಯ ಮೇಲೆ ಕೂಡಿಸುತ್ತಾನೆ. ಮರುಕ್ಷಣವೇ, ಭತ್ತದ ಚೀಲ ಹೊತ್ತು ಬೆನ್ನು ಬಾಗಿದ, ಅರವತ್ತು ದಾಟಿದ ಹಮಾಲನಿಗೆ ‘ಏ, ನೀರು ತಗೊಂಡು ಬಾ’ ಎಂದು ಕೂಗುತ್ತಾನೆ. ಆ ವೃದ್ಧ ‘ತಂದೆ ನೋಡ್ರಿ ಸಣ್ಣ ಸಾವ್ಕಾರ್ರೇ’ ಎನ್ನುತ್ತಾ ನೀರು ತರುತ್ತಾನೆ. ಅಜ್ಜನ ವಯಸ್ಸಿನವನಿಂದ ಮೊಮ್ಮಗನ ವಯಸ್ಸಿನವನಿಗೆ ಬಹುವಚನ, ಮೊಮ್ಮಗನಿಂದ ಅಜ್ಜನಿಗೆ ಏಕವಚನ. ಗಾದಿಯ ಮೇಲೆ ಕುಳಿತ ಹಿರಿಯರಿಗೆ ‘ಅಂಕಲ್’ ಎಂಬುದು ಕಿವಿಗೆ ಚುಚ್ಚುತ್ತದೆ. ಈ ‘ಏ’ ಮಾತ್ರ ಕೇಳಿಸುವುದೇ ಇಲ್ಲ.

ಇದಕ್ಕೆ ಎರಡು ಸಮಾಧಾನಗಳು ಸಿದ್ಧವಾಗಿರುತ್ತವೆ. ಏಕವಚನ ಈ ಭಾಗದಲ್ಲಿ ಸಲುಗೆಯ ಮಾತು, ಹೆತ್ತ ತಾಯಿಯನ್ನೂ ‘ನೀನು’ ಎನ್ನುವುದಿಲ್ಲವೇ ಎಂಬುದು ಮೊದಲನೆಯದು. ಸಲುಗೆಯಾದರೆ ಅದು ಎರಡು ಕಡೆಯಿಂದಲೂ ನಡೆಯಬೇಕು. ಹಮಾಲನು ಸಾವುಕಾರನನ್ನು ಅದೇ ಸಲುಗೆಯಿಂದ ‘ನೀನು’ ಎಂದರೆ ಸಹಿಸುವ ಅಂಗಡಿ ಯಾವುದು? ಮಗುವಿಗೇನು ತಿಳಿಯುತ್ತದೆ ಎಂಬುದು ಎರಡನೆಯದು. ಯಾರಿಗೆ ‘ರಿ’ ಹಚ್ಚಬೇಕು, ಯಾರಿಗೆ ಹಚ್ಚಬಾರದು ಎಂಬುದನ್ನು ಒಮ್ಮೆಯೂ ತಪ್ಪದೆ ಪಾಲಿಸುವ ಮಗುವಿಗೆ ಎಲ್ಲವೂ ತಿಳಿದಿದೆ. ಯಾವ ಶಾಲೆಯೂ ಕಲಿಸದ ಈ ಪಾಠವನ್ನು ಅದು ಕಲಿತದ್ದು ತಂದೆಯ ಬಾಯಿಂದ.

ದಶವೈಕಾಲಿಕ ಸೂತ್ರದ ಏಳನೆಯ ಅಧ್ಯಯನ ಸಂಪೂರ್ಣವಾಗಿ ವಾಕ್ಯಶುದ್ಧಿಗೆ ಮೀಸಲಾಗಿದೆ. ತುಚ್ಛವಾದ ಕರೆಗಳು ಅಲ್ಲಿ ನಿಷಿದ್ಧ. ಒಕ್ಕಣ್ಣನನ್ನು ಒಕ್ಕಣ್ಣನೆಂದು ಕರೆಯುವುದು ಸತ್ಯವಾದರೂ ನೋಯಿಸುವುದರಿಂದ ನಿಷಿದ್ಧ. ಅಜ್ಜಿ, ಚಿಕ್ಕಮ್ಮ ಎಂಬಂಥ ಬಂಧುವಾಚಕಗಳೂ ಮುನಿಗಳಿಗೆ ವರ್ಜ್ಯ, ಏಕೆಂದರೆ ಅವರು ಬಂಧುತ್ವವನ್ನು ತೊರೆದವರು. ಶ್ರಾವಕನು ತೊರೆದಿಲ್ಲ. ಬಂಧುತ್ವವನ್ನು ಇಟ್ಟುಕೊಂಡವನು ಅದನ್ನು ಹಂಚುವಾಗ ಜಿಪುಣನಾಗುವುದು ಯಾವ ಧರ್ಮ?

1915ರಲ್ಲಿ ಬೆಳಕಿಗೆ ಬಂದು, ಅಶೋಕನ ಹೆಸರನ್ನೇ ನುಡಿದು ಪ್ರಸಿದ್ಧವಾದ ಮಸ್ಕಿಯ ಶಾಸನದ ಬಗ್ಗೆ ಈ ಸೀಮೆಯವರಿಗೆ ಅಭಿಮಾನವುಂಟು. ಸಣ್ಣವರೂ ದೊಡ್ಡವರೂ ಧರ್ಮದಲ್ಲಿ ಮೇಲೇರಬಲ್ಲರೆಂಬುದು ಅದರ ಸಾರ. ಅದೇ ದೊರೆಯ ಒಂಬತ್ತನೆಯ ಬಂಡೆಶಾಸನ, ಆಂಧ್ರದ ಎರ್ರಗುಡಿಯಲ್ಲಿಯೂ ಕಾಣಸಿಗುವಂಥದು, ಗುರುಹಿರಿಯರ ಆದರವನ್ನೂ ದಾಸ-ಭೃತ್ಯರೊಡನೆ ಸರಿಯಾದ ನಡತೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. 12ನೆಯ ಶತಮಾನದಲ್ಲಿ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ತಂದೆಯೆಂದು ಕರೆದುಕೊಂಡರು. ಸಂಬಂಧವಾಚಕವೊಂದು ಜಾತಿಯ ಗೋಡೆಯನ್ನು ಒಡೆಯಬಲ್ಲದೆಂದು ಕನ್ನಡ ನಾಡಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಆದುದರಿಂದ ‘ಅಂಕಲ್’ ಎಂಬುದನ್ನು ಬಿಡಿಸಬಯಸುವವರು ಮೊದಲು ತಮ್ಮ ಅಂಗಡಿಯ ‘ಏ’ ಎಂಬುದನ್ನು ಬಿಡಲಿ. ಹಮಾಲರನ್ನು, ಮನೆಗೆಲಸದ ತಾಯಿಯನ್ನು, ಬೀದಿ ಗುಡಿಸುವವರನ್ನು ಮಕ್ಕಳ ಎದುರಿಗೇ ಅಣ್ಣ, ಅಕ್ಕ, ಕಾಕಾ ಎಂದು ಬಹುವಚನದಲ್ಲಿ ಕರೆಯಲಿ. ಕೂಲಿ ಸರಿಯಾಗಿ ಕೊಡದೆ ಬರಿಯ ‘ಅಣ್ಣ’ ಎಂದರೆ ಅದು ಕಪಟವಾದೀತು. ಕೂಲಿಯೊಡನೆ ಈ ಮಾತೂ ಅವರಿಗೆ ಸಲ್ಲಬೇಕಾದ ಬಾಕಿಯೇ. ‘ಕಾಕಾ’ ಎಂಬ ಪದ ಗಾದಿಯವರಿಗೆ ಮಾತ್ರ ಉಳಿಯುವುದಾದರೆ ಅದನ್ನು ಉಳಿಸಿ ಪ್ರಯೋಜನವಿಲ್ಲ. ತಕ್ಕಡಿ ಒಂದೇ ಇರಬೇಕು. ಗಾದಿಗೊಂದು, ಗೋದಾಮಿಗೊಂದು ಇಟ್ಟುಕೊಂಡ ವ್ಯಾಪಾರಿಯನ್ನು ಲೋಕ ಯಾವ ಹೆಸರಿನಿಂದ ಕರೆಯುತ್ತದೆಂದು ವರ್ತಕರಿಗೆ ಹೇಳಬೇಕಾಗಿಲ್ಲ.