ಅಜ್ಜಿಯನ್ನು ಗೇಲಿ ಮಾಡುವುದು ಪಂಕ್ ಅಲ್ಲ

ಹೋದ ತಿಂಗಳು ಒಂದು ಕಾಲೇಜಿನ ಉತ್ಸವಕ್ಕೆ ಹೋಗಿದ್ದೆ. ಹುಡುಗರ ಬ್ಯಾಂಡೊಂದು ಕಾವಿ ನಿಲುವಂಗಿ, ಅಂಟಿಸಿದ ಗಡ್ಡ, ಪ್ಲಾಸ್ಟಿಕ್ ರುದ್ರಾಕ್ಷಿ ತೊಟ್ಟು, ಗಿಟಾರ್ ಹಿಡಿದು ವೇದಿಕೆಗೆ ಬಂತು. ಹಾಡಿನ ನಡುವೆ ಒಂದು ಸಣ್ಣ ಪ್ರಹಸನ. ಬಿಳಿ ಸೀರೆ ಸುತ್ತಿಕೊಂಡ ಹುಡುಗನೊಬ್ಬ ಮುದುಕಿಯಾಗಿ ಬಂದ. ಬೆನ್ನು ಬಗ್ಗಿಸಿ, ಸೆರಗಿನ ಗಂಟು ಬಿಚ್ಚಿ, ನಡುಗುವ ಕೈಯಿಂದ ನೋಟುಗಳನ್ನು ಸ್ವಾಮಿಯ ಪಾದದ ಬಳಿ ಇಟ್ಟ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸ್ವಾಮಿಯ ವೇಷಕ್ಕೆ ಸಿಕ್ಕಿದ್ದಕ್ಕಿಂತ ಜೋರಾದ ನಗು ಆ ಮುದುಕಿಗೆ ಸಿಕ್ಕಿತು.

‘ಎಂಥ ಧೈರ್ಯ ನೋಡು, ಇವರೇ ನಮ್ಮ ಡವ್’ ಎಂದ ಪಕ್ಕದಲ್ಲಿದ್ದ ಗೆಳೆಯ. ಅವನೂ ನಾನೂ ಡೀವೋ ಬ್ಯಾಂಡಿನ ಹಳೆಯ ಕೇಳುಗರು. ಜಗಳ ಅಲ್ಲೇ ಶುರುವಾಗಿ ಬಸ್ ಸ್ಟ್ಯಾಂಡಿನವರೆಗೂ ನಡೆಯಿತು, ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಡೀವೋ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನ ಬ್ಯಾಂಡು. ಅದು ಪಂಕ್ ಹೌದೋ ಅಲ್ಲವೋ ಎಂಬ ಚರ್ಚೆ ಇನ್ನೂ ನಡೆಯುತ್ತಲೇ ಇದೆ. 1977ರಲ್ಲಿ ನ್ಯೂಯಾರ್ಕಿನ ಪಂಕ್ ಅಡ್ಡೆಗಳಲ್ಲಿ ನುಡಿಸಿ ಹೆಸರು ಮಾಡಿದವರು ಎಂಬಷ್ಟು ನನಗೆ ಸಾಕು. 1980ರ ಆಸುಪಾಸಿನಲ್ಲಿ ಇವರು ಒಂದು ಚೇಷ್ಟೆ ಶುರು ಮಾಡಿದರು. ಡೀವೋ ಕಛೇರಿಗೆ ಟಿಕೆಟ್ ಕೊಂಡು ಬಂದವರ ಮುಂದೆ ಕೆಲವೊಮ್ಮೆ ಮೊದಲು ಇನ್ನೊಂದು ತಂಡ ಬರುತ್ತಿತ್ತು: ‘ಡವ್, ದ ಬ್ಯಾಂಡ್ ಆಫ್ ಲವ್’. ಪಾಲಿಯೆಸ್ಟರ್ ಸೂಟು, ಕಣ್ಣಿನ ಮೇಲೆ ವೈಸರ್, ಬಾಯಲ್ಲಿ ಸಕ್ಕರೆ ಪಾಕದಂಥ ಕ್ರೈಸ್ತ ಸಾಫ್ಟ್ ರಾಕ್. ನುಡಿಸುತ್ತಿದ್ದವರು ಅದೇ ಐದು ಜನ. ಹೆಸರೂ ಅದೇ, ಇಂಗ್ಲಿಷಿನ ಅದೇ ನಾಲ್ಕು ಅಕ್ಷರಗಳನ್ನು ಹಿಂದುಮುಂದು ಮಾಡಿದ್ದರು ಅಷ್ಟೆ.

ಇಷ್ಟನ್ನೇ ನೋಡಿದರೆ ಗೆಳೆಯನ ಮಾತು ಸರಿ ಅನ್ನಿಸಬಹುದು. ಅವರೂ ಧಾರ್ಮಿಕ ವೇಷ ಹಾಕಿದರು, ಇವರೂ ಹಾಕಿದರು. ಆದರೆ ಡವ್ ಹುಟ್ಟಿದ ಮಣ್ಣನ್ನು ಸ್ವಲ್ಪ ನೋಡಬೇಕು. ಆಕ್ರನ್ ಟೈರ್ ಕಾರ್ಖಾನೆಗಳ ಊರು. ಅದರ ಮಗ್ಗುಲಲ್ಲೇ ಇರುವ ಕಯಾಹೋಗಾ ಫಾಲ್ಸ್‌ನಲ್ಲಿ ರೆಕ್ಸ್ ಹಂಬರ್ಡ್ ಎಂಬ ಟೀವಿ ಪಾದ್ರಿ 1958ರಲ್ಲಿ ‘ಕೆಥೀಡ್ರಲ್ ಆಫ್ ಟುಮಾರೊ’ ಎಂಬ ಭಾರೀ ಚರ್ಚು ತೆರೆದ. ಕ್ಯಾಮೆರಾಗಳಿಗೆ ಅನುಕೂಲವಾಗಲೆಂದೇ ಕಟ್ಟಿದ ಚರ್ಚು. ಚಾವಣಿಯಲ್ಲಿ ತೂಗುವ ದೊಡ್ಡ ಶಿಲುಬೆಗೆ ಸಾವಿರಾರು ಬಲ್ಬು. ಎಪ್ಪತ್ತರ ದಶಕದ ಆರಂಭದಲ್ಲಿ ಪಕ್ಕದಲ್ಲೇ ಒಂದು ಗೋಪುರ ಎಬ್ಬಿಸಲು ಹೊರಟ. ತುದಿಯಲ್ಲಿ ತಿರುಗುವ ರೆಸ್ಟೋರೆಂಟ್ ಬರಬೇಕಿತ್ತು. ಅಷ್ಟರಲ್ಲಿ, ಭಕ್ತರಿಗೆ ಮಾರಿದ ಸಾಲಪತ್ರಗಳ ಬಗ್ಗೆ 1973ರಲ್ಲಿ ಷೇರುಪೇಟೆಯ ನಿಯಂತ್ರಕರು ಆಕ್ಷೇಪ ಎತ್ತಿದರು. ಕೆಲಸ ನಿಂತಿತು. ಸುಮಾರು 500 ಅಡಿಯ ಆ ಬೋಳು ಕಾಂಕ್ರೀಟ್ ಕಂಬ ಮಾತ್ರ ಉಳಿಯಿತು. ಡೀವೋ ಹುಡುಗರು ಬ್ಯಾಂಡು ಕಟ್ಟುತ್ತಿದ್ದ ವರ್ಷಗಳಲ್ಲಿ ಊರಿನ ನೆತ್ತಿಯ ಮೇಲೆ ನಿಂತಿದ್ದದ್ದು ಅದು.

ಇನ್ನೂ ಒಂದಿದೆ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಯುದ್ಧದ ವಿರುದ್ಧ ಪ್ರತಿಭಟಿಸುತ್ತಿದ್ದ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡು ಗುಂಡು ಹಾರಿಸಿ 4 ಮಂದಿಯನ್ನು ಕೊಂದರು. ಮುಂದೆ ಡೀವೋ ಕಟ್ಟಿದ ಜೆರಾಲ್ಡ್ ಕಸಾಲಿ ಅಲ್ಲೇ ಇದ್ದ. ಸತ್ತವರಲ್ಲಿ ಇಬ್ಬರು ಅವನಿಗೆ ಪರಿಚಯದವರು. ಮನುಷ್ಯ ಮುಂದಕ್ಕಲ್ಲ, ಹಿಂದಕ್ಕೆ ವಿಕಾಸವಾಗುತ್ತಿದ್ದಾನೆ ಎಂಬ ಅವರ ತಮಾಷೆಯ ಸಿದ್ಧಾಂತಕ್ಕೆ ಆ ದಿನದ ರಕ್ತ ಅಂಟಿದೆ. ಮೊದಲ ಆಲ್ಬಮ್ಮಿನ ‘ಜಾಕೋ ಹೋಮೋ’ ಎಂಬ ಹಾಡಿನ ಹೆಸರನ್ನು ಅವರು ತೆಗೆದುಕೊಂಡದ್ದು ಎಲ್ಲಿಂದ ಗೊತ್ತೆ? ಡಾರ್ವಿನ್ನನನ್ನು ಬೈದು ಬಿ.ಎಚ್. ಶ್ಯಾಡಕ್ ಎಂಬ ಬೋಧಕ 1924ರಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಿಗೆಯಿಂದ. ಅಂದರೆ ಇವರು ಗೇಲಿ ಮಾಡಿದ್ದನ್ನು ಮೊದಲು ಕೂತು ಓದಿದ್ದರು. ನಮ್ಮ ಕಾಲೇಜಿನ ಹುಡುಗರು ಯಾವುದಾದರೂ ಪ್ರವಚನವನ್ನು ಪೂರ್ತಿ ಕೇಳಿದ್ದಾರೆಯೇ ಎಂಬ ಅನುಮಾನ ನನಗಿದೆ.

1980ರ ‘ಪ್ರೇ ಟೀವಿ’ ಚಿತ್ರದಲ್ಲಿ ಡವ್ ತಂಡ ಕಾಣಿಸಿಕೊಳ್ಳುತ್ತದೆ. ಚಿತ್ರ ಅಂಥ ದೊಡ್ಡದೇನಲ್ಲ, ಬಹಳ ಕಡೆ ಸಪ್ಪೆ. ಮುಳುಗುತ್ತಿರುವ ಟೀವಿ ಸ್ಟೇಷನ್ನೊಂದನ್ನು ಹಿಡಿದು ಇಡೀ ದಿನ ಧರ್ಮ ಪ್ರಸಾರ ಮಾಡಿ ದುಡ್ಡು ಬಾಚುವವನ ಕತೆ. ಅವನ ಹೆಸರು ಮಾರ್ವಿನ್ ಫ್ಲೀಸ್. ಇಂಗ್ಲಿಷಿನಲ್ಲಿ ಫ್ಲೀಸ್ ಎಂದರೆ ಕುರಿಯ ಉಣ್ಣೆ, ಹಾಗೆಯೇ ಬೋಳಿಸುವುದು. ಡವ್ ಅಲ್ಲಿ ಹಾಡುವುದು ಬಾಬ್ ಡಿಲನ್ನನ ‘ಗಾಟಾ ಸರ್ವ್ ಸಮ್‌ಬಡಿ’. ಡಿಲನ್ ಕ್ರೈಸ್ತ ಭಕ್ತಿಗೆ ತಿರುಗಿ 1979ರಲ್ಲಿ ಹೊರತಂದ ಹಾಡು ಅದು. ಒಂದು ಪೀಳಿಗೆಯ ಬಂಡಾಯದ ಗುರುವನ್ನೇ ಚರ್ಚಿನ ಪಾಲಿಯೆಸ್ಟರ್ ಸೂಟಿನೊಳಗೆ ತುರುಕಿದರು. ಅಲ್ಲಿ ಚುಚ್ಚಿಸಿಕೊಂಡವನು ಕೊನೆಯ ಸಾಲಿನ ಭಕ್ತನಲ್ಲ. ಮಾರುವವನಿಗೆ ಪೆಟ್ಟು ಬಿತ್ತು, ರಾಕ್ ಲೋಕದ ದೇವರಿಗೂ ಬಿತ್ತು. ಜಿಮ್ ಬ್ಯಾಕರ್ ಎಂಬ ಟೀವಿ ಪಾದ್ರಿ ಭಕ್ತರ ಹಣದ ವಂಚನೆಗಾಗಿ ಅಪರಾಧಿ ಎನಿಸಿದ್ದು 1989ರಲ್ಲಿ, ಈ ಚಿತ್ರ ಬಂದ ಒಂಬತ್ತು ವರ್ಷದ ಮೇಲೆ.

ಡವ್‌ನಲ್ಲೂ ನನಗೆ ಒಪ್ಪಿಗೆಯಾಗದ್ದು ಇದೆ. ಆ ಅಗ್ಗದ ಸೂಟುಗಳನ್ನು ನೋಡಿ ನಗುವುದು ಅರ್ಧ ಬಡವರ ಅಭಿರುಚಿಯನ್ನು ನೋಡಿ ನಗುವುದೇ. ಆದರೆ ಡವ್ ಇಳಿದ ಮೇಲೆ ಅದೇ ಐದು ಜನ ಡೀವೋ ಆಗಿ ಬರುತ್ತಿದ್ದರಲ್ಲ, ತಲೆಯ ಮೇಲೆ ಮಗುಚಿದ ಹೂಕುಂಡದಂಥ ಕೆಂಪು ಟೋಪಿ ಇಟ್ಟುಕೊಂಡು! ಅವರಿಗೂ ಸಮವಸ್ತ್ರ, ಸಿದ್ಧಾಂತ, ಘೋಷಣೆ, ಅದೇ ಟೋಪಿ ಕೊಂಡು ಹಾಕಿಕೊಳ್ಳುವ ಅಭಿಮಾನಿಗಳ ಮಂದೆ. ಪಾದ್ರಿಯ ಮಂದೆಗೂ ನಮ್ಮ ಮಂದೆಗೂ ನಡುವೆ ಇರುವುದು ಬಟ್ಟೆ ಬದಲಿಸುವಷ್ಟು ಹೊತ್ತು ಮಾತ್ರ ಎಂದು ತಮ್ಮ ಕಛೇರಿಯಲ್ಲೇ, ತಮ್ಮ ಟಿಕೆಟ್ ಕೊಂಡವರಿಗೇ ತೋರಿಸಿದರು. ಕಾಲೇಜಿನ ವೇದಿಕೆಯಲ್ಲಿ ನನಗೆ ಕಾಣದಿದ್ದದ್ದು ಇದು. ಅಲ್ಲಿ ನಕ್ಕವರಲ್ಲಿ ಒಬ್ಬನಿಗಾದರೂ ತನ್ನ ತಲೆ ಮುಟ್ಟಿ ನೋಡಿಕೊಳ್ಳುವ ಪ್ರಸಂಗ ಬರಲಿಲ್ಲ.

ಇದನ್ನು ಓದಿ, ‘ಸರಿ ಹೇಳಿದಿರಿ, ಇಂಥವನ್ನು ನಿಲ್ಲಿಸಬೇಕು’ ಎನ್ನುವವರು ದಯವಿಟ್ಟು ನನ್ನ ಬೆನ್ನು ತಟ್ಟಬೇಡಿ. ಹೊಟ್ಟೆಪಾಡಿನ ವೈರಾಗ್ಯವನ್ನು ಪುರಂದರದಾಸರೇ ಹಾಡಿ ಝಾಡಿಸಿದ್ದಾರೆ. ಅವರಿಗಿಂತ ಹೆಚ್ಚಿನ ಭಕ್ತರು ನೀವಾಗಿದ್ದರೆ ಬೇರೆ ಮಾತು. ಹುಡುಗರು ಕಾವಿ ಹಾಕಿದರು ಎಂಬುದು ನನ್ನ ತಕರಾರಲ್ಲ. ಹಾಕಿಯೂ ಕಾವಿಯ ತಂಟೆಗೆ ಹೋಗಲಿಲ್ಲ ಎಂಬುದು ತಕರಾರು.

ನನ್ನ ಅಜ್ಜಿ ಟೀವಿಯಲ್ಲಿ ಕಂಡ ಒಂದು ಯಂತ್ರಕ್ಕೆ ಮೂರು ತಿಂಗಳ ವಿಧವಾ ವೇತನ ಕಟ್ಟಿದಳು. ತಾಮ್ರದ ತಗಡು, ಜೊತೆಗೆ ಒಂದು ಕೆಂಪು ದಾರ. ಅಪ್ಪನ ಕಾಯಿಲೆ ವಾಸಿಯಾಗಲಿ ಎಂದು. ಅವಳು ದಡ್ಡಿಯಲ್ಲ. ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಗೆರೆ ಹಾಕಿಟ್ಟು, ಒಂದು ಲೋಟ ತಪ್ಪಿದರೂ ಹಿಡಿಯುತ್ತಿದ್ದವಳು. ಮಗ ಮಲಗಿದ್ದ, ಡಾಕ್ಟರು ಕೈಚೆಲ್ಲಿದ್ದರು, ಆಗ ಟೀವಿಯವನ ಕಡೆಯಿಂದ ಫೋನ್ ಬಂತು. ‘ಅಮ್ಮಾ’ ಎಂದೇ ಮಾತು ಶುರು ಮಾಡಿದ. ಅಷ್ಟು ಮೃದುವಾಗಿ ನಾವು ಮೊಮ್ಮಕ್ಕಳು ಅವಳ ಜೊತೆ ಮಾತಾಡಿ ಎಷ್ಟು ದಿನವಾಗಿತ್ತೋ. ಎರಡನೇ ಸಲ ಫೋನ್ ಬಂದಾಗ ಎತ್ತಿದ್ದು ನಾನು. ದನಿ ಕೇಳಿದ ಕೂಡಲೇ ಅವನು ‘ಸರ್’ ಎಂದ, ವ್ಯವಹಾರದ ದನಿಗೆ ಇಳಿದ, ಇನ್ನೊಂದು ಯಂತ್ರಕ್ಕೆ ರಿಯಾಯಿತಿ ಇದೆ ಎಂದ.

ಗೆಳೆಯನಿಗೆ ಇಷ್ಟೇ ಹೇಳುವುದು. ಆ ಹುಡುಗರು ನಿನಗೆ ಪರಿಚಯವಂತೆ. ಮುಂದಿನ ಸಲ ಗಡ್ಡ, ರುದ್ರಾಕ್ಷಿ ಮನೆಯಲ್ಲೇ ಬಿಟ್ಟು ಬರಲಿ. ಇಸ್ತ್ರಿ ಹಾಕಿದ ಶರ್ಟು, ಕಿವಿಗೆ ಹೆಡ್‌ಫೋನ್, ಎದುರಿಗೆ ವಯಸ್ಸಾದವರ ಫೋನ್ ನಂಬರುಗಳ ಪಟ್ಟಿ. ‘ಅಮ್ಮಾ’ ಎನ್ನುವ ಆ ದನಿಯನ್ನೂ ‘ಸರ್’ ಎನ್ನುವ ಆ ದನಿಯನ್ನೂ ಒಂದೇ ಹಾಡಿನಲ್ಲಿ ತರಲಿ. ಟಿಕೆಟ್ ಕೊಂಡು ಮೊದಲ ಸಾಲಿನಲ್ಲಿ ಕೂರುತ್ತೇನೆ.