ಛತ್ರದಲ್ಲಿ ಜಾಗವಿಲ್ಲ

ಮಕ್ಕಳೇ, ಡಿಸೆಂಬರ್ 25 ಎಂದರೆ ನಿಮಗೆ ಕೇಕು, ನಕ್ಷತ್ರದ ದೀಪ. ನನಗೆ ಬ್ಯಾಂಕಿನ ಕೌಂಟರ್ ನೆನಪಾಗುತ್ತದೆ!

ಲೂಕನ ಸುವಾರ್ತೆಯ ಕಥೆ ಕೇಳಿ. ರೋಮಿನ ಚಕ್ರವರ್ತಿ ಅಗಸ್ಟಸ್ ಜನಗಣತಿಗೆ ಆಜ್ಞೆ ಮಾಡಿದ್ದ. ಹೆಸರು ಬರೆಸಲು ಯೋಸೇಫ ತುಂಬು ಗರ್ಭಿಣಿ ಮರಿಯಳೊಂದಿಗೆ ನಜರೇತಿನಿಂದ ಬೆತ್ಲೆಹೇಮಿಗೆ ಬಂದ. ಛತ್ರದಲ್ಲಿ ಜಾಗವಿರಲಿಲ್ಲ. ಹುಟ್ಟಿದ ಯೇಸುವನ್ನು ತಾಯಿ ಬಟ್ಟೆಯಲ್ಲಿ ಸುತ್ತಿ, ದನಗಳ ಮೇವಿನ ಗೋದಲಿಯಲ್ಲಿ ಮಲಗಿಸಿದಳು. ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ, ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ. ದೇವರೇ ಮನುಷ್ಯನಾಗಿ ಬಡವರ ನಡುವೆ ಬಂದ ಎಂಬುದು ಕ್ರೈಸ್ತರ ನಂಬಿಕೆ.

ಕುರಿಸಾಲ ಕೇಳಲು ಬಂದ ಮುದುಕನೊಬ್ಬನಿಗೆ ನಾನೊಮ್ಮೆ ಲೆಡ್ಜರಿನಿಂದ ತಲೆಯೆತ್ತದೆ, ‘ನಾಳೆ ಬಾ’ ಎಂದಿದ್ದೆ. ಆತ ಮತ್ತೆ ಬರಲಿಲ್ಲ. ಆ ಮುಖವನ್ನೂ ನಾನು ನೋಡಿರಲಿಲ್ಲ.

ಈಗ ಪ್ರತಿ ಕ್ರಿಸ್‌ಮಸ್‌ಗೆ ಚರ್ಚಿನ ಗೋದಲಿಯಲ್ಲಿ ನಾನು ಮೊದಲು ಹುಡುಕುವುದು ಕುರಿಗಾಹಿಯ ಬೊಂಬೆಯನ್ನು. ನೀವಾದರೂ, ಬಾಗಿಲಿಗೆ ಬಂದವರನ್ನು ತಲೆಯೆತ್ತಿ ನೋಡಿ.