ಜ್ವರ ನಾಯಿಗೆ, ರಜೆ ಅರ್ಜಿ ನಮ್ಮ ಹೆಸರಲ್ಲಿ

ಮಳೆಗಾಲ ಮುಗಿಯುತ್ತ ಬಂದ ಹಾಗೆ ಮುಂಬೈಯ ಪವಾಯಿಯಲ್ಲಿ ಪಶುವೈದ್ಯರ ಕ್ಲಿನಿಕ್ಕುಗಳ ಮುಂದೆ ಉಣ್ಣಿ ಜ್ವರದ ನಾಯಿಗಳ ಸಾಲು ಶುರುವಾಗುತ್ತದೆ. ಎರಡು ದಿನದಿಂದ ಅನ್ನ ಮುಟ್ಟಿಲ್ಲ, ವಸಡು ಬಿಳಿಚಿಕೊಂಡಿದೆ, ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ನೆಲಕಚ್ಚಿದೆ. ಬರೆದುಕೊಡುವ ಮದ್ದು ಹೆಚ್ಚಾಗಿ ಡಾಕ್ಸಿಸೈಕ್ಲಿನ್. ಸಾಮಾನ್ಯವಾಗಿ 28 ದಿನ, ಅದೂ ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಹೊಟ್ಟೆಗೆ ಬೀಳಿಸುವುದೇ ಕಷ್ಟದ ಕೆಲಸ. ಬೆಣ್ಣೆ ಸವರಿದ ಇಡ್ಲಿ ತುಂಡಿನೊಳಗೆ ಗುಳಿಗೆ ಹುದುಗಿಸಿಟ್ಟರೆ, ಇಡ್ಲಿಯನ್ನು ನೆಕ್ಕಿ ಮುಗಿಸಿ ಗುಳಿಗೆಯೊಂದನ್ನೇ ಟೈಲ್ಸ್ ಮೇಲೆ ಉಗುಳುವ ಜಾಣತನ ನಾಯಿಗೆ ಜ್ವರದಲ್ಲೂ ಉಳಿದಿರುತ್ತದೆ. ಇನ್ನು ರಜೆಯ ಲೆಕ್ಕ ನೋಡಿ. ಪವಾಯಿಯ ಖಾಸಗಿ ಕಚೇರಿಗಳಿಗೆ ಅನ್ವಯಿಸುವ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಸಾಂದರ್ಭಿಕ ರಜೆ ವರ್ಷಕ್ಕೆ 8 ದಿನ. ಅದು ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಜಮೆಯಾಗುವುದರಿಂದ ಒಂದು ಕಂತಿಗೆ ಸಿಗುವುದು ಎರಡೇ ದಿನ.

ಮದ್ದು 28 ದಿನ, ರಜೆ 2 ದಿನ. ಈ ನಡುವಿನ ಅಂತರವನ್ನು ನಾವೆಲ್ಲ ಸುಳ್ಳಿನಿಂದ ತುಂಬುತ್ತಿದ್ದೇವೆ. ‘ಸರ್, ರಾತ್ರಿಯಿಂದ ವಾಂತಿ’ ಎಂದು ಬಾಸ್‌ಗೆ ಹೋಗುವ ವಾಟ್ಸ್‌ಆ್ಯಪ್ ಸಂದೇಶದಲ್ಲಿ ವಾಂತಿ ನಿಜವೇ. ವಾಂತಿ ಮಾಡಿದ್ದು ಯಾರು ಎಂಬುದನ್ನಷ್ಟೇ ಬರೆದಿರುವುದಿಲ್ಲ. ಊರ ಕಡೆಯವರ ಜತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ನಿಜ ಹೊರಬರುತ್ತದೆ: ‘ನಾಯಿಗೆ ಹುಷಾರಿಲ್ಲ ಮಾರಾಯ್ರೆ. ಆಫೀಸಿನಲ್ಲಿ ಹಾಗೆ ಹೇಳ್ಲಿಕ್ಕೆ ಆಗ್ತದಾ?’

ಹೇಳಲಾಗದು ಎನ್ನುವುದು ನಿಜ. ಆದರೆ ಅದಕ್ಕೆ ಪರಿಹಾರವೆಂದು ಸಾಕುಪ್ರಾಣಿಗಳಿಗಾಗಿಯೇ ಒಂದು ಬೇರೆ ರಜೆ ಕೊಡಿ ಎಂದು ಕೇಳುವವರ ಜತೆ ನಾನಿಲ್ಲ. ಕಾಯಿಲೆ ಬಿದ್ದ ಪ್ರಾಣಿಗೆ ಬೇಕಾಗುವುದು ನಮ್ಮ ಇಡೀ ದಿನವಲ್ಲ, ಹೊತ್ತಿಗೆ ಸರಿಯಾಗಿ ಅರ್ಧ ಗಂಟೆ, ಮುಕ್ಕಾಲು ಗಂಟೆ. ನಮ್ಮ ರಜೆ ನಿಯಮಗಳಿಗೆ ಗೊತ್ತಿರುವುದು ದಿನದ ಲೆಕ್ಕ ಮಾತ್ರ.

ಶಸ್ತ್ರಚಿಕಿತ್ಸೆಯ ದಿನ, ಪಾರ್ವೊ ಬಂದ ಮರಿಗೆ ಸಲೈನ್ ಏರಿಸುವ ಮೊದಲ ನಾಲ್ಕೈದು ದಿನ, ಮೂತ್ರ ಕಟ್ಟಿಕೊಂಡ ಗಂಡು ಬೆಕ್ಕನ್ನು ಹೊತ್ತು ಓಡಬೇಕಾದ ದಿನ ಮನುಷ್ಯ ಅಲ್ಲೇ ಇರಬೇಕು, ನಿಜ. ಬೆಕ್ಕಿನ ವಿಷಯದಲ್ಲಂತೂ ‘ಶನಿವಾರ ತೋರಿಸೋಣ’ ಎಂದರೆ ಶನಿವಾರದೊಳಗೆ ಬೆಕ್ಕೇ ಹೋಗಿರುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ ಒಂದೆರಡು ದಿನದ ಮೇಲೆ ಅದು ಉಳಿಯುವುದು ಕಷ್ಟ. ಆದರೆ ಜನರನ್ನು ಹಣ್ಣುಗಾಯಿ ಮಾಡುವುದು ಇಂಥ ತುರ್ತು ದಿನಗಳಲ್ಲ, ಅದರ ನಂತರದ ತಿಂಗಳುಗಳು. ಸಕ್ಕರೆ ಕಾಯಿಲೆಯ ನಾಯಿಗೆ ಹನ್ನೆರಡು ಗಂಟೆಗೊಮ್ಮೆ, ಊಟದ ಜತೆಗೆ ಇನ್ಸುಲಿನ್. ಫಿಟ್ಸ್ ಬರುವ ನಾಯಿಗೆ ಫಿನೋಬಾರ್ಬಿಟೋನ್, ಅದೂ ಹನ್ನೆರಡು ಗಂಟೆಗೊಮ್ಮೆ; ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು. ಬೆಳಗ್ಗೆ ಏಳಕ್ಕೆ ಕೊಟ್ಟರೆ ಸಂಜೆ ಏಳಕ್ಕೆ ಮನೆಯಲ್ಲಿರಬೇಕು. ಸಂಜೆ ಏಳಕ್ಕೆ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಯಾರು ಎಲ್ಲಿರುತ್ತಾರೆ ಎಂಬುದು ಆ ರಸ್ತೆಯಲ್ಲಿ ಒಮ್ಮೆಯಾದರೂ ಸಿಕ್ಕಿಕೊಂಡವರಿಗೆ ಗೊತ್ತು. ಪವಾಯಿಗೆ ಸ್ವಂತ ರೈಲು ನಿಲ್ದಾಣವೂ ಇಲ್ಲ. ಕಾಂಜೂರ್‌ಮಾರ್ಗ್ ಇಲ್ಲವೇ ವಿಕ್ರೋಲಿಯಲ್ಲಿ ಇಳಿದು ರಿಕ್ಷಾ ಹುಡುಕಬೇಕು.

ಚಾಂದಿವಲಿ ಕಡೆಯ ಒಂದು ಮನೆಯಲ್ಲಿ ಮೂತ್ರಪಿಂಡ ಸೋತ ಮುದಿ ಬೆಕ್ಕಿಗೆ ಸಲೈನ್ ಕೊಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಬಾಟಲಿ ಕಿಟಕಿಯ ಗ್ರಿಲ್ಲಿಗೆ ನೇತುಹಾಕಿದೆ, ಹೆಂಡತಿ ಬೆಕ್ಕಿನ ಹೆಗಲ ಬಳಿಯ ಸಡಿಲ ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚುತ್ತಾಳೆ, ಗಂಡ ಒಂದು ಕೈಯಲ್ಲಿ ಬೆಕ್ಕನ್ನು ಅದುಮಿಕೊಂಡು ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪಿನ ಮೈಕು ಬಂದ್ ಮಾಡುತ್ತಾನೆ. ಚರ್ಮದಡಿ ನೀರು ತುಂಬಿ ಬೆಕ್ಕಿಗೆ ಒಂಟೆಯ ಡುಬ್ಬದಂಥದ್ದು ಮೂಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಒಟ್ಟು ಕೆಲಸ ಇಪ್ಪತ್ತು ನಿಮಿಷದ್ದು. ಆ ಇಪ್ಪತ್ತು ನಿಮಿಷಕ್ಕಾಗಿ ಆ ಮನುಷ್ಯ ‘ಇಂಟರ್‌ನೆಟ್ ಕೈಕೊಟ್ಟಿತು’ ಎಂದು ತಂಡಕ್ಕೆ ಸಂದೇಶ ಹಾಕಿದ್ದ.

ಈ ಇಕ್ಕಟ್ಟು ಹೊಸದು. ಊರಿನ ಮನೆಗಳಲ್ಲಿ ಎಮ್ಮೆಗೆ ಕೆಚ್ಚಲು ಬಾವು ಬಂದರೆ ಅದರ ಪಕ್ಕ ಕೂರುವುದೇ ಆ ದಿನದ ಕೆಲಸವಾಗಿತ್ತು. ಕೆಲಸ ತಪ್ಪಿಸಿಕೊಂಡು ಆರೈಕೆ ಮಾಡಿದರು ಎಂಬ ಮಾತೇ ಅಲ್ಲಿ ಹುಟ್ಟುವಂತಿರಲಿಲ್ಲ. ಮುಂಬೈಯಲ್ಲೂ ಮೊದಲು ಹಾಗೆಯೇ ಇತ್ತು. ಬಾಂಬೆಯ ಪ್ರಾಣಿದಯಾ ಸಂಘ 1874ರಲ್ಲಿ ಹುಟ್ಟಿತು. ಮುಂದೆ ಪರೇಲ್‌ನಲ್ಲಿ ಸರ್ ದಿನ್‌ಶಾ ಪೆಟಿಟ್ ಅವರು ಪತ್ನಿ ಬಾಯಿ ಸಕರ್‌ಬಾಯಿ ಹೆಸರಿನಲ್ಲಿ ಆಸ್ಪತ್ರೆ ಕಟ್ಟಿಸಲು ನೆರವಾದರು, 1886ರಲ್ಲಿ ಅಲ್ಲಿಯೇ ಪಶುವೈದ್ಯ ಕಾಲೇಜು ಬಂತು. ಅದು ಈ ಊರಿನ ಟ್ರಾಮನ್ನು ಕುದುರೆಗಳು, ಸರಕನ್ನು ಎತ್ತುಗಳು ಎಳೆಯುತ್ತಿದ್ದ ಕಾಲ. ಕಾಲು ಕುಂಟಿದ ಎತ್ತನ್ನು ಪರೇಲಿಗೆ ಹೊಡೆದುಕೊಂಡು ಹೋದ ಗಾಡಿಯವನು ಯಾರಿಗೂ ರಜೆ ಚೀಟಿ ಬರೆಯಬೇಕಿರಲಿಲ್ಲ. ಎತ್ತು ಮಲಗಿದರೆ ಅವನ ದುಡಿಮೆಯೂ ಮಲಗಿತು. ಪ್ರಾಣಿ ಮನೆಯಲ್ಲಿ, ದುಡಿಮೆ ಇನ್ನೊಂದು ಕಡೆ ಎಂದಾದ ಮೇಲಷ್ಟೇ ಇವೆರಡಕ್ಕೆ ಜಗಳ ಹತ್ತಿದ್ದು.

ಕರಾವಳಿಯಿಂದ ಬಂದು ಇಲ್ಲಿ ಹಗಲು ಹೋಟೆಲ್ಲಿನಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತ ನಮ್ಮ ಹಿಂದಿನ ತಲೆಮಾರಿಗೆ ನಾಯಿ ಸಾಕುವ ಯೋಚನೆಯೂ ಬಂದಿರಲಿಕ್ಕಿಲ್ಲ. ಮಲಗಲು ಜಾಗವೇ ಪಾಳಿಯ ಮೇಲೆ ಸಿಗುತ್ತಿದ್ದ ಕಾಲವದು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಪವಾಯಿಯ ಹೀರಾನಂದಾನಿ ಬಡಾವಣೆಯ ಆಸುಪಾಸಿನಲ್ಲಿ, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿದ್ದಾರೆ. ಕೊರೊನಾ ಕಾಲದಲ್ಲಿ ಮನೆಯೇ ಕಚೇರಿಯಾಗಿದ್ದಾಗ ಬಹಳ ಮಂದಿ ನಾಯಿ ತಂದರು. ಆಮೇಲೆ ಕಚೇರಿ ವಾಪಸ್ ಕರೆಯಿತು. ನಾಯಿಗೆ ವಯಸ್ಸಾಗುತ್ತ ಬಂತು.

ಕರೆದ ಕಚೇರಿಯ ಮಾತಿನ ಧಾಟಿಯೂ ಬೇರೆಯಾಗಿತ್ತು. 2023ರ ಅಕ್ಟೋಬರಿನಲ್ಲಿ ನಮ್ಮವರೇ ಆದ ಎನ್.ಆರ್. ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತಾಡಿ, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬರ್ಥದಲ್ಲಿ ಕೇಳಿದ ವಿಡಿಯೊ ದೇಶವೆಲ್ಲ ಸುತ್ತಿತು. ಅವರ ಕಂಪನಿಯ ದೊಡ್ಡ ಕ್ಯಾಂಪಸ್ ಇರುವುದು ಪವಾಯಿಯಲ್ಲೇ. ಹೆಂಡತಿಯ ಮುಖ ನೋಡುವುದಕ್ಕೇ ಲೆಕ್ಕ ಕೇಳುವವರ ಮುಂದೆ ಬೆಕ್ಕಿನ ಮೂತ್ರಪಿಂಡದ ಮಾತೆತ್ತಲು ಯಾರಿಗೆ ಧೈರ್ಯ ಬಂದೀತು? ‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ’ ಎಂಬ ಗಾದೆ ಇತ್ತಲ್ಲ, ಪವಾಯಿಯಲ್ಲಿ ಅದರ ಎರಡನೆಯ ಅರ್ಧ ನಾಯಿಯ ಯಜಮಾನನಿಗೆ ಬಂದಿದೆ.

ಯಜಮಾನ ದೊಡ್ಡ ಯಜಮಾನನಾದರೆ ಕತೆಯೇ ಬೇರೆ. 2018ರ ಫೆಬ್ರುವರಿಯಲ್ಲಿ ರತನ್ ಟಾಟಾ ಅವರಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆಗಿನ ಯುವರಾಜ ಚಾರ್ಲ್ಸ್ ಜೀವಮಾನದ ಸಾಧನೆಗಾಗಿ ಗೌರವ ಸಲ್ಲಿಸುವುದಿತ್ತು. ಟಾಟಾ ಹೋಗಲಿಲ್ಲ, ಅವರ ನಾಯಿಗಳಲ್ಲೊಂದು ತೀರಾ ಹುಷಾರು ತಪ್ಪಿತ್ತು. ವಿಷಯ ತಿಳಿದು ಚಾರ್ಲ್ಸ್ ಮೆಚ್ಚಿಕೊಂಡರು ಎಂದು ಉದ್ಯಮಿ ಸುಹೇಲ್ ಸೇಠ್ ಹೇಳಿದ್ದಾರೆ. ಟಾಟಾ ತೀರಿಕೊಂಡಾಗ, 2024ರ ಅಕ್ಟೋಬರಿನಲ್ಲಿ, ಈ ಪ್ರಸಂಗವನ್ನು ಕಣ್ಣೊದ್ದೆ ಮಾಡಿಕೊಂಡು ಹಂಚಿಕೊಳ್ಳದವರಿಲ್ಲ. ಹಂಚಿಕೊಂಡವರಲ್ಲಿ ಎಷ್ಟೋ ಮಂದಿ ಮ್ಯಾನೇಜರುಗಳಿದ್ದರು. ಅವರಲ್ಲಿ ಎಷ್ಟು ಜನ ಮರುದಿನ ತಮ್ಮ ಕೈಕೆಳಗಿನವರ ನಾಯಿಗಾಗಿ ಒಂದು ಮೀಟಿಂಗ್ ಮುಂದೂಡಿದ್ದಾರೆ? ಅರಮನೆಗೆ ಬರಲಾಗದು ಎನ್ನುವವನ ಮಮತೆ ದೊಡ್ಡ ಗುಣ; ಹತ್ತೂವರೆಯ ಮೀಟಿಂಗಿಗೆ ಬರಲಾಗದು ಎನ್ನುವವಳ ಮಮತೆ ಬೇಜವಾಬ್ದಾರಿ. ಟಾಟಾ ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅವರು ಈ ಊರಿಗೆ ಬಿಟ್ಟುಹೋದದ್ದು ನಿಜವಾಗಿ ಉಪಯೋಗದ್ದು: ಮಹಾಲಕ್ಷ್ಮಿಯಲ್ಲಿ 2024ರಲ್ಲಿ ತೆರೆದ, 165 ಕೋಟಿ ರೂಪಾಯಿ ವೆಚ್ಚದ, ರಾತ್ರಿಯೂ ಬಾಗಿಲು ಮುಚ್ಚದ ಸಾಕುಪ್ರಾಣಿಗಳ ಆಸ್ಪತ್ರೆ. ನೌಕರಿಯವರಿಗೆ ಆ ಕಟ್ಟಡದ ಎತ್ತರಕ್ಕಿಂತ ಅದು ರಾತ್ರಿ ಹನ್ನೊಂದಕ್ಕೂ ತೆರೆದಿರುವುದೇ ದೊಡ್ಡದು. ಪವಾಯಿಯಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ರಾತ್ರಿ ಹೊರಟರೆ ಬೇಗ ತಲುಪಬಹುದು, ಹಗಲಾದರೆ ಅರ್ಧ ದಿನ ಅಲ್ಲೇ ಹೋಯಿತು.

ಕಾನೂನು ಏನೆನ್ನುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ತನ್ನ ಸುಪರ್ದಿಯಲ್ಲಿಟ್ಟುಕೊಂಡವರು ಅದರ ಯೋಗಕ್ಷೇಮಕ್ಕೆ, ಅನಗತ್ಯ ನೋವು ತಪ್ಪಿಸುವುದಕ್ಕೆ ಬೇಕಾದ ಎಲ್ಲ ಸೂಕ್ತ ಕ್ರಮ ಕೈಗೊಳ್ಳಬೇಕು. ಇದು ಸಲಹೆಯಲ್ಲ, ಕರ್ತವ್ಯ. ಆದರೆ ಕರ್ತವ್ಯ ಹೇರಿದ ಕಾನೂನಿಗೂ ರಜೆ ಕೊಡುವ ಕಾನೂನಿಗೂ ಪರಸ್ಪರ ಪರಿಚಯವಿಲ್ಲ. ಮೊದಲ ಸಲ ತಪ್ಪು ಮಾಡಿದವರಿಗೆ 11ನೇ ಸೆಕ್ಷನ್ ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ. ಈಗ ಐವತ್ತು ರೂಪಾಯಿಗೆ ಪವಾಯಿಯಲ್ಲಿ ಒಂದು ಮಸಾಲೆ ದೋಸೆ ಸಿಕ್ಕರೆ ಪುಣ್ಯ.

ಇಟಲಿಯಲ್ಲಿ ಈ ಎರಡು ಕಾನೂನುಗಳು ಒಮ್ಮೆ ಭೇಟಿಯಾದವು. ರೋಮಿನ ಸಪಿಯೆಂಜಾ ವಿಶ್ವವಿದ್ಯಾಲಯದ ಉದ್ಯೋಗಿಯೊಬ್ಬರು 2017ರಲ್ಲಿ ತಮ್ಮ ನಾಯಿಯ ಶಸ್ತ್ರಚಿಕಿತ್ಸೆಗೆಂದು ಎರಡು ದಿನದ ಸಂಬಳಸಹಿತ ರಜೆ ಕೇಳಿದರು. ಒಂಟಿ ಹೆಂಗಸು, ನಾಯಿಯನ್ನು ಒಯ್ಯಲು ಮನೆಯಲ್ಲಿ ಬೇರಾರೂ ಇಲ್ಲ. ಪ್ರಾಣಿಗಳ ಪರವಾದ ಎಲ್‌ಎವಿ ಎಂಬ ಸಂಘಟನೆ ಅವರ ಬೆನ್ನಿಗೆ ನಿಂತಿತು. ಪ್ರಾಣಿಯನ್ನು ಕೈಬಿಟ್ಟರೆ ಒಂದು ವರ್ಷದವರೆಗೆ ಜೈಲು, 10,000 ಯೂರೊವರೆಗೆ ದಂಡ ಎನ್ನುವ ದೇಶದಲ್ಲಿ, ಚಿಕಿತ್ಸೆ ಕೊಡಿಸಲು ಬಿಡದಿರುವುದು ಹೇಗೆ ಸರಿ ಎಂಬುದು ಅವರ ವಾದ. ರಜೆ ಸಿಕ್ಕಿತು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರಿಗೆ ‘ನಾಯಿ ರಜೆ’ ಎಂಬ ಹೊಸದೊಂದು ಸಿಗಲಿಲ್ಲ ಎಂಬುದು. ಗಂಭೀರವಾದ ವೈಯಕ್ತಿಕ ಅಥವಾ ಕೌಟುಂಬಿಕ ಕಾರಣಕ್ಕೆ ಎಂದು ಮೊದಲೇ ಇದ್ದ ರಜೆಯೊಳಗೆ ನಾಯಿಗೂ ಜಾಗವಾಯಿತು.

ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಹೆಸರಿಟ್ಟ ರಜೆಗಳ ಕಡೆಗೆ. ಬೆಂಗಳೂರಿನ ಸ್ವಿಗ್ಗಿ 2024ರ ಏಪ್ರಿಲ್‌ನಲ್ಲಿ ಪ್ರಾಣಿ ದತ್ತು ತೆಗೆದುಕೊಂಡ ಉದ್ಯೋಗಿಗೆ ಒಂದು ದಿನದ ಹೆಚ್ಚುವರಿ ರಜೆ ಘೋಷಿಸಿತು. ಕಾಯಿಲೆ ಬಿದ್ದ ಪ್ರಾಣಿಗಾಗಿ ತಮ್ಮ ಸಾಂದರ್ಭಿಕ ಅಥವಾ ಅನಾರೋಗ್ಯ ರಜೆಯನ್ನು ಬಳಸಬಹುದು ಎಂದೂ ಹೇಳಿತು. ಸುದ್ದಿಯಾದದ್ದು ದತ್ತು ರಜೆ. ಕೆಲಸಕ್ಕೆ ಬರುವುದು ಎರಡನೆಯದು, ಏಕೆಂದರೆ ಅದು ಸುಳ್ಳು ಹೇಳುವ ಅಗತ್ಯವನ್ನು ತಪ್ಪಿಸುತ್ತದೆ. ಆದರೆ ಈ ಸೌಲಭ್ಯ ಪೂರ್ಣಾವಧಿ ಉದ್ಯೋಗಿಗಳಿಗೆ. ಕಿತ್ತಳೆ ಅಂಗಿ ತೊಟ್ಟು ಹೀರಾನಂದಾನಿಯ ಗೇಟಿನ ಮುಂದೆ ಸಹಿ ಹಾಕಿ ಒಳಹೋಗುವ ಹುಡುಗ ಆ ಲೆಕ್ಕದಲ್ಲಿ ಉದ್ಯೋಗಿಯೇ ಅಲ್ಲ. ಅವನ ವಠಾರದ ನಾಯಿಗೂ ಉಣ್ಣಿ ಕಚ್ಚುತ್ತದೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು: ಹೆತ್ತ ತಾಯಿ ಮಲಗಿದರೇ ಖಾಸಗಿ ನೌಕರಿಯಲ್ಲಿ ಬೇರೆ ರಜೆಯಿಲ್ಲ, ಇನ್ನು ನಾಯಿಗೇನು? ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ ಮಕ್ಕಳ ಆರೈಕೆಗೆ ಇಡೀ ಸೇವೆಯಲ್ಲಿ 730 ದಿನಗಳ ರಜೆ ಇದೆ. ಖಾಸಗಿಯವರಿಗೆ ಅಂಥದ್ದೇನೂ ಇಲ್ಲ. ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಒದ್ದಾಡುವ ಸಹೋದ್ಯೋಗಿಯ ಪಕ್ಕದಲ್ಲಿ ಕೂತು ನಾಯಿಗೆ ಪ್ರತ್ಯೇಕ ರಜೆ ಕೇಳುವುದು ನನಗೂ ಮುಜುಗರವೇ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿಯೇ ಬೇರೆ ರಜೆ ಬೇಡ ಎನ್ನುತ್ತಿರುವುದು. ಅಮ್ಮ, ಮಗು, ಬೆಕ್ಕು ಮೂವರಿಗೂ ಸಲ್ಲುವ ಒಂದೇ ಗಂಟು ಸಾಕು. ಆಗ ಆರೈಕೆಯ ಹೊರೆ ಹೊತ್ತವರೆಲ್ಲ ಒಂದೇ ಕಡೆ ನಿಲ್ಲುತ್ತಾರೆ. ಯಾರ ಕಾಯಿಲೆ ದೊಡ್ಡದು ಎಂದು ಎಚ್‌ಆರ್ ಮುಂದೆ ಪೈಪೋಟಿ ನಡೆಯುವುದಿಲ್ಲ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಇರುವ 8 ಸಾಂದರ್ಭಿಕ ರಜೆಗಳನ್ನೇ ಗಂಟೆಗಳಾಗಿ ಒಡೆದು ಕೊಡಿ: ದಿನಕ್ಕೆ ಎಂಟು ಗಂಟೆಯಂತೆ 64 ಗಂಟೆ. ದಿನಕ್ಕೊಂದು ಗಂಟೆಯಂತೆ ಬಳಸಿದರೆ ಅದೇ ರಜೆಯಲ್ಲಿ 28 ದಿನದ ಮದ್ದು ಎರಡು ಸಲ ಮುಗಿಯುತ್ತದೆ, ಎಂಟು ಗಂಟೆ ಮಿಗುತ್ತದೆ. ಕಂಪನಿಗೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ಮೂರು ತಿಂಗಳ ಕಂತಿನ ಕಟ್ಟು ಅಡ್ಡ ಬಂದರೆ ಮುಂದಿನ ಕಂತನ್ನು ಮುಂಗಡವಾಗಿ ಕೊಡಲಿ. ಕಾನೂನು ಹೇಳಿದ್ದಕ್ಕಿಂತ ಹೆಚ್ಚು ಕೊಡಲು ಯಾವ ಮಾಲೀಕನಿಗೂ ತಡೆಯಿಲ್ಲ. ಜತೆಗೆ ರಜೆ ಆ್ಯಪಿನಲ್ಲಿರುವ ‘ಕಾರಣ’ ಎಂಬ ಕಾಲಂ ತೆಗೆದುಹಾಕಲಿ. ಮುಟ್ಟಿನ ರಜೆಗೆ 2025ರಲ್ಲಿ ಕರ್ನಾಟಕ ಒಪ್ಪಿಗೆ ಕೊಟ್ಟಾಗಲೂ ಎಷ್ಟೋ ಹೆಣ್ಣುಮಕ್ಕಳ ಅಳುಕು ಇದೇ ಆಗಿತ್ತು: ರಜೆ ಬೇಕು, ಅದರ ಹೆಸರನ್ನು ಮ್ಯಾನೇಜರಿಗೆ ಹೇಳುವುದು ಬೇಡ.

ಕಚೇರಿಯ ಬಾಗಿಲಿಗೆ ಹೋಗದೆ ವಸತಿ ಸೊಸೈಟಿಗಳೇ ಮಾಡಬಹುದಾದದ್ದೂ ಇದೆ. ಈಗಲೂ ಹಗಲು ಹೊತ್ತು ಕಾಯಿಲೆಯ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುತ್ತಿರುವುದು ಯಾರು? ಮನೆಕೆಲಸದ ಬಾಯಿ, ವಾಚ್‌ಮನ್, ಪಕ್ಕದ ಮನೆಯ ನಿವೃತ್ತ ಆಂಟಿ. ಬಾಯಿಗೆ ಮದ್ದಿನ ಹೊತ್ತು ಹೇಳಿಕೊಟ್ಟು ಸಂಬಳ ಮಾತ್ರ ಹಳೆಯದನ್ನೇ ಕೊಡುವವರು ನಮ್ಮ ನಡುವೆ ಧಾರಾಳ ಇದ್ದಾರೆ. ಸೊಸೈಟಿಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೂ ಸೆಪ್ಟೆಂಬರ್ 30ರೊಳಗೆ ನಡೆಯಬೇಕಾದ ವಾರ್ಷಿಕ ಸಭೆಗಳಲ್ಲಿ ನಾಯಿಯ ಮಾತು ಬರುವುದು ಲಿಫ್ಟಿನ ಜಗಳವಾಗಿ ಮಾತ್ರ. ಬೀಗ ಹಾಕಿಯೇ ಇರುವ ಸೊಸೈಟಿ ಆಫೀಸಿನ ಕೋಣೆಯನ್ನು ಹಗಲು ನಾಲ್ಕು ಪ್ರಾಣಿಗಳಿಗೆ ಬಿಟ್ಟುಕೊಟ್ಟು, ತರಬೇತಾದ ಒಬ್ಬರಿಗೆ ಸರಿಯಾದ ಸಂಬಳ ಕೊಟ್ಟು ಕೂರಿಸುವ ಠರಾವು ಮಂಡಿಸಲು ಒಬ್ಬ ಸದಸ್ಯ ಸಾಕು. ಪಾರ್ಕಿಂಗ್ ಮತ್ತು ಲೀಕೇಜ್ ವಿಷಯಗಳು ಮುಗಿಯುವವರೆಗೆ ಅವರು ತಾಳ್ಮೆಯಿಂದ ಕೂತಿರಬೇಕು, ಅಷ್ಟೆ.